ಇಳಿತದ ಹೊತ್ತಿಗೆ ಜಾಗ ನೋಡಿ ಕೆಟ್ಟೆ

ಕುಮಟಾ ಕಡೆ ಅಘನಾಶಿನಿ ಹೊಳೆ ಪಕ್ಕ ಜಾಗ ಹುಡುಕುತ್ತಿದ್ದೀರಾ? ಮೊದಲು ಇದನ್ನು ಓದಿ, ಅಡ್ವಾನ್ಸ್ ಆಮೇಲೆ ಕೊಡಿ.

2021ರಲ್ಲಿ ನನ್ನ ಕೈಯಲ್ಲಿ 14 ಲಕ್ಷ ಇತ್ತು. ಅಡಿಕೆ ಮಾರಿದ್ದು ಸ್ವಲ್ಪ, ಅಪ್ಪನ ಎಫ್‌ಡಿ ಸ್ವಲ್ಪ. ಶಿರಸಿ ಪೇಟೆಯಲ್ಲಿ ಒಂದು ಹಳೇ ಮಳಿಗೆ ಮಾರಾಟಕ್ಕಿತ್ತು. ನೋಡಲು ಚಂದ ಇಲ್ಲ, ಗೋಡೆಗೆಲ್ಲ ಪಾಚಿ. ಆದರೆ ಬಾಡಿಗೆಗೆ ಜನ ಇದ್ದರು. "ಅದನ್ನೇ ತಗ, ತಿಂಗ್ಳು ತಿಂಗ್ಳು ದುಡ್ಡು ಬತ್ತು" ಎಂದ ಭಾವ. ನನಗೋ ಹೋಮ್‌ಸ್ಟೇ ಹುಚ್ಚು. ಗೋಕರ್ಣಕ್ಕೆ ಬರುವ ಬೆಂಗಳೂರಿನವರೆಲ್ಲ ನನ್ನ ಜಗಲಿಯಲ್ಲೇ ಚಹಾ ಕುಡಿಯುತ್ತಾರೆ ಅನ್ನೋ ಕನಸು. ಹೊಳೆ ದಂಡೆಯ 8 ಗುಂಟೆ ಗದ್ದೆ ತೆಗೆದುಕೊಂಡೆ.

ಕಾಗದ ನೋಡದೆ ಕೊಂಡವನಲ್ಲ ನಾನು. ಪಹಣಿ ನೋಡಿದೆ, 30 ವರ್ಷದ ಇಸಿ (ಋಣಭಾರ ಪತ್ರ) ತೆಗೆಸಿದೆ, ವಕೀಲರಿಗೂ ತೋರಿಸಿದೆ. ಎಲ್ಲ ಸರಿ ಇತ್ತು. ಇಸಿಯಲ್ಲಿ ಸಾಲ ಕಾಣುತ್ತದೆ, ಮಾರಾಟ ಕಾಣುತ್ತದೆ, ನೀರು ಕಾಣುವುದಿಲ್ಲ. ಗದ್ದೆಯಲ್ಲಿ ಮನೆ ಕಟ್ಟಲು ಎನ್‌ಎ, ಅಂದರೆ ಕೃಷಿಯೇತರ ಜಮೀನು ಅನ್ನುವ ಆದೇಶ ಬೇಕು. "ಎನ್‌ಎ ಎರಡು ತಿಂಗಳ ಕೆಲಸ" ಎಂದ ಬ್ರೋಕರ್. ಅವನು ನನ್ನನ್ನು ಕರೆದುಕೊಂಡು ಹೋಗಿದ್ದು ಫೆಬ್ರವರಿಯಲ್ಲಿ, ಇಳಿತದ ಹೊತ್ತಿಗೆ, ಅಂದರೆ ಹೊಳೆಗೆ ಏರಿದ ಸಮುದ್ರದ ನೀರು ಹಿಂದೆ ಸರಿದಾಗ. ಒಣ ನೆಲ, ಆಚೆ ಹೊಳೆ, ದಂಡೆಗುಂಟ ದಟ್ಟ ಹಸಿರು. ಅದು ಉಪ್ಪು ನೀರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಅಂತ ಘಟ್ಟದ ಮೇಲಿನವನಾದ ನನಗೆ ಗೊತ್ತೇ ಆಗಲಿಲ್ಲ. ನೆಲದ ತುಂಬ ಬೆರಳು ಹೋಗುವಷ್ಟು ತೂತು. ಇಲಿ ಇರಬೇಕು ಅಂದುಕೊಂಡೆ. ಏಡಿ ಬಿಲ ಅವು.

ಜುಲೈ ಹುಣ್ಣಿಮೆಗೆ ಹೋದರೆ ನನ್ನ ಬೇಲಿ ಕಂಬ ಮೊಣಕಾಲುದ್ದ ನೀರಲ್ಲಿ ನಿಂತಿತ್ತು. ಪಕ್ಕದ ಕಟ್ಟೆ ಮೇಲೆ ಬುಟ್ಟಿ ಹಿಡಿದು ಹೊರಟಿದ್ದ ಅಜ್ಜಿಯೊಬ್ಬರು ನಿಂತು ನೋಡಿದರು. "ತಮಾ, ಇದು ಗಜನಿ ಅಲ್ವಾ? ಇಲ್ಲಿ ಮನೆ ಕಟ್ಟುಕೆ ಆಗ್ತದ್ಯಾ?" ಗಜನಿ ಅಂದರೆ ಉಪ್ಪು ನೀರು ನುಗ್ಗುವ ಗದ್ದೆ. ಕಗ್ಗ ಭತ್ತ ಬೆಳೆಯಬಹುದು, ಸಿಗಡಿ ಹಿಡಿಯಬಹುದು. ಕೊಳ್ಳುವ ಮೊದಲು ಆ ಅಜ್ಜಿಯನ್ನು ಒಂದು ಮಾತು ಕೇಳಿದ್ದರೆ ವಕೀಲರ ಫೀಸೂ ಉಳಿಯುತ್ತಿತ್ತು.

ಎನ್‌ಎ ಆಗಲಿಲ್ಲ, ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ಕಾನೂನು ಅಡ್ಡ ಬಂತು. ಸಮುದ್ರ ಅಷ್ಟು ದೂರ ಇದೆಯಲ್ಲ ಅಂತ ವಾದ ಮಾಡಿದೆ. ಸಮುದ್ರದ ದಂಡೆಗೆ ಮಾತ್ರ ಅಲ್ಲವಂತೆ. ಭರತದ ನೀರು, ಅಂದರೆ ಸಮುದ್ರ ಉಕ್ಕಿದಾಗಿನ ನೀರು, ಏರುವ ಹೊಳೆ, ಹಳ್ಳಗಳಿಗೂ ಅದೇ ಕಾನೂನು. ಬೇಸಿಗೆಯಲ್ಲಿ ಲೀಟರ್ ನೀರಲ್ಲಿ 5 ಗ್ರಾಂ ಉಪ್ಪು ಸಿಗುವ ಜಾಗದವರೆಗೂ ಲೆಕ್ಕಕ್ಕೆ ಬರುತ್ತದೆ. 2011ರ ಅಧಿಸೂಚನೆಯಲ್ಲಿ ಇಂಥ ಹೊಳೆ ದಂಡೆಯಿಂದ 100 ಮೀಟರ್ ಅಂತ ಇತ್ತು, 2019ರದ್ದರಲ್ಲಿ 50 ಮೀಟರ್. ಹೊಳೆಯೇ ಅದಕ್ಕಿಂತ ಕಿರಿದಾದರೆ ಅದರ ಅಗಲದಷ್ಟು. 50 ಅಂತ ಕೇಳಿ ಖುಷಿ ಪಟ್ಟೆ. ಆದರೆ ಕಾಂಡ್ಲಾ ಕಾಡು ಸಾವಿರ ಚದರ ಮೀಟರ್‌ಗಿಂತ ಜಾಸ್ತಿ ಇದ್ದರೆ ಅದರ ಸುತ್ತ ಮತ್ತೆ 50 ಮೀಟರ್ ಬಿಡಬೇಕು. ನನ್ನದು ಎಲ್ಲದರ ಒಳಗೂ ಇತ್ತು! ಮನೆ ಸಾಲ ಕೇಳಲು ಹೋದರೆ ಬ್ಯಾಂಕಿನವರು ನಕ್ಷೆ ನೋಡಿ ಫೈಲ್ ವಾಪಸ್ ಕೊಟ್ಟರು.

ಘಟ್ಟದ ಮೇಲೂ ಇಂಥದ್ದೇ ಒಂದು ಮೋಸ ಇದೆ. "ಬೆಟ್ಟ ಸೇರಿ ಎರಡು ಎಕರೆ" ಅಂತ ತೋಟ ತೋರಿಸುತ್ತಾರೆ. ಸೊಪ್ಪಿನ ಬೆಟ್ಟದಲ್ಲಿ ತೋಟಕ್ಕೆ ಸೊಪ್ಪು ತರುವ ಹಕ್ಕು ಇರುತ್ತದೆ ಅಷ್ಟೆ, ರೆಸಾರ್ಟ್ ಕಟ್ಟಲು ಬರುವುದಿಲ್ಲ. ಬೆಲೆ ಮಾಡುವಾಗ ಬೆಟ್ಟ ಬಿಟ್ಟು ತೋಟದ್ದಷ್ಟೇ ಮಾಡಿ.

ಕರಾವಳಿಯಲ್ಲಿ ಜಾಗ ಬೇಕೇ ಬೇಕು ಅನ್ನುವವರು ಅಮಾವಾಸ್ಯೆಯೋ ಹುಣ್ಣಿಮೆಯೋ ನೋಡಿಕೊಂಡು, ಭರತದ ಹೊತ್ತಿಗೆ, ಬ್ರೋಕರ್ ಇಲ್ಲದೆ ಹೋಗಿ. ಸರ್ವೆ ನಂಬರ್ ಹಿಡಿದು ಸಿಆರ್‌ಝಡ್ ನಕ್ಷೆಯಲ್ಲಿ ಎಲ್ಲಿ ಬರುತ್ತದೆ ನೋಡಿ. ಎನ್‌ಎ ಆಗಿರುವ ಆದೇಶ ಕೈಗೆ ಬರದೆ, ಆಗುತ್ತದೆ ಅನ್ನುವ ಮಾತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಆ ಮಳಿಗೆಯನ್ನು ಕೊನೆಗೆ ಭಾವನೇ ತೆಗೆದುಕೊಂಡ. ತಿಂಗಳಿಗೆ 9,000 ಬಾಡಿಗೆ. ಪಾಚಿ ಈಗಲೂ ಹಾಗೇ ಇದೆ.

ಮೊನ್ನೆ ಅದೇ ಬ್ರೋಕರ್ ನನ್ನ ಚಿಕ್ಕಪ್ಪನ ಮಗನಿಗೆ "ರಿವರ್ ವ್ಯೂ" ಅಂತ ಒಂದು ಫೋಟೊ ಕಳಿಸಿದ್ದಾನೆ. ಒಣ ನೆಲ, ಆಚೆ ಹೊಳೆ. ಬಲಗಡೆ ಮೂಲೆಯಲ್ಲಿ ನನ್ನ ಬೇಲಿ ಕಂಬ ಕಾಣುತ್ತದೆ.