ಕೋಲ್ ಮೊದಲೋ, ಫಿಟ್ಜ್‌ಜೆರಾಲ್ಡ್ ಮೊದಲೋ?

ಕ್ಷಿಪಣಿ ಹೊತ್ತ ವಿಧ್ವಂಸಕ ಯುದ್ಧನೌಕೆಯೊಂದರ ಸೇವಾ ಇತಿಹಾಸವನ್ನು ಆಳವಾಗಿ ಓದಬೇಕೆನ್ನುವವರ ಮುಂದೆ ಸಾಮಾನ್ಯವಾಗಿ ಬರುವ ಹೆಸರುಗಳಿವು. ಎರಡೂ ಅಮೆರಿಕದ ಆರ್ಲೀ ಬರ್ಕ್ ವರ್ಗದವು. ಫಿಟ್ಜ್‌ಜೆರಾಲ್ಡ್ ಸೇವೆಗೆ ಸೇರಿದ್ದು 1995ರಲ್ಲಿ, ಕೋಲ್ 1996ರಲ್ಲಿ.

ಹಾನಿ ನಿಯಂತ್ರಣ ಕಲಿಯಬೇಕಿದ್ದರೆ ಕೋಲ್. 2000ದ ಅಕ್ಟೋಬರ್ 12ರಂದು ಯೆಮನ್‌ನ ಏಡನ್ ಬಂದರಿನಲ್ಲಿ ಇಂಧನ ತುಂಬಿಸಿಕೊಳ್ಳುತ್ತಿದ್ದಾಗ ಸ್ಫೋಟಕ ತುಂಬಿದ ದೋಣಿ ಎಡಮಗ್ಗುಲಲ್ಲಿ ಸಿಡಿಯಿತು. ಸುಮಾರು 40 ಅಡಿಗೆ 60 ಅಡಿ ತೂತು, 17 ನಾವಿಕರ ಸಾವು. ಗಮನಿಸಬೇಕಾದದ್ದು ನಂತರದ ದಿನಗಳನ್ನು: ನೀರು ಒಳಬರದಂತೆ ತಡೆಯುವ ಸೀಲ್ ಕೈಕೊಟ್ಟು ಎಂಜಿನ್ ಕೋಣೆಗೆ ಮತ್ತೆ ನೀರು ನುಗ್ಗಿತು, ಪಂಪಿಗೆ ಕರೆಂಟಿಲ್ಲ. ಸಿಬ್ಬಂದಿ ಸಾಲಾಗಿ ನಿಂತು ಬಕೆಟ್ಟಿನಲ್ಲಿ ನೀರು ಎತ್ತಿಹಾಕಿ ಹಡಗನ್ನು ಉಳಿಸಿಕೊಂಡರು.

ಕಾವಲು ಮತ್ತು ನೌಕಾಯಾನದ ತಪ್ಪುಗಳನ್ನು ಅರಿಯಲು ಫಿಟ್ಜ್‌ಜೆರಾಲ್ಡ್. 2017ರ ಜೂನ್ 17ರ ನಸುಕಿನ ಒಂದೂವರೆಗೆ, ಜಪಾನ್ ಕರಾವಳಿಯಲ್ಲಿ ಎಸಿಎಕ್ಸ್ ಕ್ರಿಸ್ಟಲ್ ಎಂಬ ಕಂಟೇನರ್ ಹಡಗು ಬಲಮಗ್ಗುಲಿಗೆ ಬಡಿಯಿತು. ಬಲಗಡೆಯಿಂದ ಅಡ್ಡ ಬರುವ ಹಡಗಿಗೆ ದಾರಿ ಬಿಡುವುದು ನಿಯಮ, ಫಿಟ್ಜ್‌ಜೆರಾಲ್ಡ್ ಬಿಡಲಿಲ್ಲ. ಕ್ಯಾಪ್ಟನ್ನನ್ನು ಎಬ್ಬಿಸಲಿಲ್ಲ, ಎಚ್ಚರಿಕೆಯ ಗಂಟೆಯೂ ಮೊಳಗಲಿಲ್ಲ. ನೀರಿನ ಮಟ್ಟದ ಕೆಳಗೆ ಸೀಳಿದ ಮಲಗುಕೋಣೆಯಲ್ಲಿ 35 ಜನರಿದ್ದರು. ಒಂದು ನಿಮಿಷದೊಳಗೇ ನೀರು ತುಂಬಿತು. 7 ಮಂದಿ ಹೊರಬರಲೇ ಇಲ್ಲ.

ಎರಡನ್ನೂ ಭಾರವಾಹಕ ಹಡಗಿನ ಮೇಲೆ ಹೊತ್ತು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಪಾಸ್ಕಗೂಲಾಕ್ಕೆ ತಂದು ದುರಸ್ತಿ ಮಾಡಿದರು. ಕೋಲ್ 2002ರಲ್ಲಿ, ಫಿಟ್ಜ್‌ಜೆರಾಲ್ಡ್ 2020ರಲ್ಲಿ ಅಲ್ಲಿಂದ ಹೊರಟವು. ಸಮಯ ಒಂದಕ್ಕೇ ಇದ್ದರೆ ಫಿಟ್ಜ್‌ಜೆರಾಲ್ಡ್ ಆರಿಸಿ: ಅಲ್ಲಿನ ಒಂದೊಂದು ತಪ್ಪೂ ಯಾವ ಹಡಗಿನ ಬ್ರಿಡ್ಜ್‌ನಲ್ಲಾದರೂ (ಹಡಗು ನಡೆಸುವ ಕೋಣೆ) ನಡೆಯಬಹುದಾದದ್ದು.