ಒಂದೇ ಹಾಡು, ಮೂರು ತಿದ್ದುಪಡಿ: ತಂಡದ ಟಿಪ್ಪಣಿಗಳು ಬಂದ ಮೇಲಿನ ಮಿಕ್ಸ್

ನಮ್ಮ ತಂಡದ ರಾಕ್ ಹಾಡೊಂದರ ಮೊದಲ ಮಿಕ್ಸನ್ನು (ಬೇರೆ ಬೇರೆಯಾಗಿ ದಾಖಲಿಸಿದ ದನಿ, ವಾದ್ಯಗಳನ್ನು ಹದವಾಗಿ ಬೆರೆಸಿದ ರೂಪವನ್ನು) ಎಲ್ಲರಿಗೂ ಕಳುಹಿಸಿದ ಎರಡೇ ದಿನಗಳಲ್ಲಿ ನಾಲ್ವರಿಂದಲೂ ಟಿಪ್ಪಣಿಗಳು ಬಂದವು. ಕೋರಸ್‌ನಲ್ಲಿ, ಅಂದರೆ ಮರುಕಳಿಸುವ ಪಲ್ಲವಿಯಲ್ಲಿ, ತನ್ನ ದನಿ ಮುಳುಗಿಹೋಗುತ್ತದೆ ಎಂದು ಹಾಡುವವಳು ಬರೆದಳು. ಫೋನಿನಲ್ಲಿ ಕೇಳಿದರೆ ಬೇಸ್ (ಕೆಳಸ್ವರದ ಗಿಟಾರ್) ಇದೆಯೋ ಇಲ್ಲವೋ ತಿಳಿಯುವುದಿಲ್ಲ ಎಂಬುದು ಬೇಸ್ ನುಡಿಸುವವನ ದೂರು. ಸ್ನೇರ್ (ಚುರುಕು ಸದ್ದಿನ ಚಿಕ್ಕ ಡ್ರಮ್) ರಟ್ಟಿನ ಡಬ್ಬ ತಟ್ಟಿದ ಹಾಗಿದೆ ಎಂಬುದು ಡ್ರಮ್ಮರ್‌ನದು. ಗಿಟಾರುಗಳು ಇನ್ನೂ ದಪ್ಪಗೆ ಕೇಳಿಸಬೇಕು ಎಂಬುದು ಗಿಟಾರಿಸ್ಟ್‌ನದು. ಪ್ರತಿಯೊಬ್ಬರೂ ತಮ್ಮ ತಮ್ಮ ವಾದ್ಯವನ್ನೇ ಕೇಳಿಸಿಕೊಂಡಿದ್ದರು ಎಂದು ನಗುವ ಹಾಗಿರಲಿಲ್ಲ, ಏಕೆಂದರೆ ನಾನು ಕೂಡ ನನ್ನ ಕೀಬೋರ್ಡನ್ನು ಬೇಕಾದುದಕ್ಕಿಂತ ಮೇಲೆಯೇ ಇಟ್ಟುಕೊಂಡಿದ್ದೆ ಎಂಬುದು ಮುಂದೆ ನನಗೇ ಗೊತ್ತಾಯಿತು.

ಈ ಟಿಪ್ಪಣಿಗಳನ್ನು ಇಟ್ಟುಕೊಂಡು ಮಿಕ್ಸನ್ನು ಹೇಗೆ ತಿದ್ದಬೇಕು ಎಂಬ ಬಗ್ಗೆ ನನ್ನಲ್ಲೇ ಮೂರು ಮನಸ್ಸಿತ್ತು. ಹಾಗಾಗಿ ಪ್ರಾಜೆಕ್ಟಿನ ಮೂರು ಪ್ರತಿಗಳನ್ನು ಮಾಡಿಕೊಂಡು, ಒಂದೊಂದರಲ್ಲಿ ಒಂದೊಂದು ದಾರಿಯನ್ನು ಹಿಡಿದೆ. ಹೋಲಿಸುವ ಮುನ್ನ ಮೂರನ್ನೂ ಲೌಡ್‌ನೆಸ್ ಮೀಟರ್ ನೋಡಿ, ಕಿವಿಗೆ ಕೇಳಿಸುವ ಜೋರಿನ ಅಳತೆಯಲ್ಲಿ –16 ಎಲ್‌ಯುಎಫ್‌ಎಸ್‌ಗೆ ತಂದು ನಿಲ್ಲಿಸಿದೆ. ಈ ಕೆಲಸ ಬೇಸರದ್ದು, ಆದರೆ ಇದನ್ನು ಬಿಟ್ಟರೆ ಹೋಲಿಕೆಗೆ ಅರ್ಥವೇ ಇರುವುದಿಲ್ಲ: ಎರಡು ಮಿಕ್ಸ್‌ಗಳ ನಡುವೆ ಒಂದೇ ಡೆಸಿಬೆಲ್ ವ್ಯತ್ಯಾಸವಿದ್ದರೂ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ.

ಮೊದಲನೆಯದು ತೇಪೆ ಹಾಕುವ ದಾರಿ. ಕೇಳಿದ್ದನ್ನು ಕೇಳಿದಂತೆಯೇ ಕೊಟ್ಟೆ. ದನಿ 2 ಡೆಸಿಬೆಲ್ ಮೇಲೆ, ಗಿಟಾರುಗಳು 2 ಮೇಲೆ, ಸ್ನೇರ್ ಒಂದೂವರೆ ಮೇಲೆ. ಬೇಸ್‌ಗೆ 60 ಹರ್ಟ್ಜ್ ಸುತ್ತ ಇಕ್ಯೂವಿನಲ್ಲಿ (ಆಯ್ದ ಆವರ್ತನಗಳನ್ನು ಮಾತ್ರ ಏರಿಸಿ ಇಳಿಸುವ ಸಾಧನದಲ್ಲಿ) 3 ಡೆಸಿಬೆಲ್ ಏರಿಕೆ. ನಲವತ್ತು ನಿಮಿಷಗಳಲ್ಲಿ ಕೆಲಸ ಮುಗಿಯಿತು, ಮತ್ತು ಇದರ ಪರವಾಗಿ ಹೇಳಬಹುದಾದ ಮಾತು ಬಹುತೇಕ ಅಷ್ಟೇ. ಎಲ್ಲವನ್ನೂ ಏರಿಸಿದ ಮೇಲೆ ಏರಿದ್ದು ಯಾವುದೂ ಇರಲಿಲ್ಲ. ಹಿಂದೆ ಸರಿದದ್ದು ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಮತ್ತು ಕೀಬೋರ್ಡ್ ಮಾತ್ರ. ಮಾಸ್ಟರ್ (ಇಡೀ ಹಾಡಿನ ಒಟ್ಟು ಸದ್ದು) ಮೇಲಿದ್ದ, ಮಿತಿ ಮೀರುವ ಸದ್ದನ್ನು ಅದುಮುವ ಲಿಮಿಟರ್ ಮೊದಲು ಕೋರಸ್‌ನಲ್ಲಿ 2 ಡೆಸಿಬೆಲ್‌ನಷ್ಟು ಹಿಡಿಯುತ್ತಿದ್ದದ್ದು ಈಗ 5ರವರೆಗೆ ಹಿಡಿಯತೊಡಗಿತು. ಪರಿಣಾಮವಾಗಿ, ಹಾಡು ಎದ್ದು ನಿಲ್ಲಬೇಕಾದ ಜಾಗದಲ್ಲೇ ಡ್ರಮ್ಸಿನ ಪೆಟ್ಟುಗಳು ಮೆತ್ತಗಾಗಿ, ಕೋರಸ್ ಚರಣಕ್ಕಿಂತ ಚಿಕ್ಕದಾಗಿ ಕೇಳಿಸಿತು.

ಬೇಸ್‌ನ ಕಥೆ ಇನ್ನೂ ವಿಚಿತ್ರವಾಗಿತ್ತು. ನಾಲ್ಕು ತಂತಿಯ ಬೇಸ್‌ನಲ್ಲಿ ಬಿಟ್ಟು ಮೀಟಿದ ಇ ತಂತಿಯ ಸ್ವರ ಸುಮಾರು 41 ಹರ್ಟ್ಜ್‌ನಲ್ಲಿದೆ. ಫೋನಿನ ಪುಟ್ಟ ಸ್ಪೀಕರಿಗೆ ಆ ಸ್ವರವೂ ಸಿಗುವುದಿಲ್ಲ, ನಾನು ಏರಿಸಿದ 60 ಹರ್ಟ್ಜ್ ಕೂಡ ಸಿಗುವುದಿಲ್ಲ. ಅಂದರೆ, ಬೇಸ್ ನುಡಿಸುವವನು ಎಲ್ಲಿ ಕೇಳಿಸುತ್ತಿಲ್ಲ ಎಂದಿದ್ದನೋ ಅಲ್ಲಿ ಒಂದಿಷ್ಟೂ ಬದಲಾವಣೆಯಾಗದೆ, ಲಿಮಿಟರಿನ ಹೊರೆ ಮಾತ್ರ ಹೆಚ್ಚಿತ್ತು.

ಎರಡನೆಯ ಪ್ರತಿಯಲ್ಲಿ ಮಟ್ಟ ಏರಿಳಿಸುವ ಎಲ್ಲ ಫೇಡರ್‌ಗಳನ್ನೂ ಕೆಳಗಿಳಿಸಿ, ಇಕ್ಯೂ, ಕಂಪ್ರೆಸರ್ (ಸದ್ದಿನ ಏರಿಳಿತ ತಗ್ಗಿಸುವುದು), ರಿವರ್ಬ್ (ಕೋಣೆಯ ಅನುರಣನ) ಎಲ್ಲವನ್ನೂ ತೆಗೆದುಹಾಕಿ, ಬುನಾದಿಯಿಂದ ಕಟ್ಟಲು ಕುಳಿತೆ. ಎರಡು ಸಂಜೆಗಳಲ್ಲಿ ಒಟ್ಟು ಏಳು ಗಂಟೆ ಹಿಡಿಯಿತು. ಈ ಸಲ ಹಾಡಿನ ಆರಂಭವನ್ನು ಬಿಟ್ಟು ಕೊನೆಯ ಕೋರಸ್‌ನಿಂದ ಶುರುಮಾಡಿದೆ, ಏಕೆಂದರೆ ಅತಿ ಹೆಚ್ಚು ಟ್ರ್ಯಾಕ್‌ಗಳು ಒಟ್ಟಿಗೆ ನುಡಿಯುವುದು ಅಲ್ಲಿಯೇ. ಅಲ್ಲಿ ಎಲ್ಲವೂ ಹಿಡಿಸಿದರೆ ಉಳಿದ ಕಡೆ ತೊಂದರೆಯಿಲ್ಲ. ಡ್ರಮ್ಸಿನ ಟ್ರ್ಯಾಕ್‌ಗಳನ್ನು ಒಂದೊಂದಾಗಿ ತೆರೆಯುತ್ತ ಸ್ನೇರ್‌ನ ಮೇಲಿನ ಮೈಕಿಗೆ ಕೆಳಗಿನ ಮೈಕನ್ನು ಸೇರಿಸಿದ ಕೂಡಲೇ ಸದ್ದು ದೊಡ್ಡದಾಗುವ ಬದಲು ತೆಳ್ಳಗಾಯಿತು. ಆಗ ನನ್ನ ತಲೆಗೆ ಹೊಳೆಯಿತು. ಕೋಲಿನ ಪೆಟ್ಟು ಬಿದ್ದಾಗ ಮೇಲಿನ ಚರ್ಮ ತನ್ನ ಮೈಕಿನಿಂದ ದೂರ ಸರಿಯುತ್ತದೆ, ಕೆಳಗಿನ ಚರ್ಮ ತನ್ನ ಮೈಕಿನ ಕಡೆಗೆ ಬರುತ್ತದೆ; ಆದ್ದರಿಂದ ಎರಡು ಮೈಕುಗಳ ಅಲೆಗಳು ಒಂದಕ್ಕೊಂದು ತಲೆಕೆಳಗಾಗಿ ದಾಖಲಾಗಿ, ಸೇರಿಸಿದಾಗ ಕೆಳಸ್ತರದ ತೂಕವನ್ನು ಪರಸ್ಪರ ಅಳಿಸಿಹಾಕುತ್ತವೆ. ಕೆಳಗಿನ ಟ್ರ್ಯಾಕಿನ ಅಲೆಯನ್ನು ತಲೆಕೆಳಗು ಮಾಡುವ ಪೋಲಾರಿಟಿ ಗುಂಡಿಯನ್ನು ಒಮ್ಮೆ ಒತ್ತಿದೆ. ರಟ್ಟಿನ ಡಬ್ಬ ಹೋಗಿ ಸ್ನೇರ್ ಬಂತು.

ಮೊದಲ ಮಿಕ್ಸ್‌ನಲ್ಲಿ ಇದೇ ಸ್ನೇರ್‌ಗೆ ಮೈ ತುಂಬಿಸಲೆಂದು ನಾನು 200 ಹರ್ಟ್ಜ್ ಸುತ್ತ 4 ಡೆಸಿಬೆಲ್ ಏರಿಸಿದ್ದೆ. ಅಳಿಸಿಹೋದದ್ದನ್ನು ಏರಿಸಲು ಹೊರಟಿದ್ದೆ ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಡ್ರಮ್ಸ್ ಮತ್ತು ಬೇಸ್ ಒಂದಾಗಿ ಬೆಸೆದು ಕೇಳಿಸಿದ್ದು ಈ ಎರಡನೆಯ ಪ್ರತಿಯಲ್ಲೇ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಇದರ ಬೆಲೆಯೂ ಕಡಿಮೆಯಿರಲಿಲ್ಲ. ಕೋರಸ್‌ನ ಕೊನೆಯ ಪದದ ಮೇಲೆ ನಾನು ಮೊದಲು ಯೋಚಿಸದೆಯೇ ಹಾಕಿದ್ದ ಉದ್ದನೆಯ ಡಿಲೇಯನ್ನು (ತಡವಾಗಿ ಮರಳುವ ಪ್ರತಿಧ್ವನಿಯನ್ನು) ಇಡೀ ತಂಡ ಮೆಚ್ಚಿಕೊಂಡಿತ್ತು. ಯಾರೂ ದೂರು ಹೇಳದ ಕಾರಣ ಅದು ಯಾವ ಟಿಪ್ಪಣಿಯಲ್ಲೂ ಇರಲಿಲ್ಲ, ಟಿಪ್ಪಣಿಯಲ್ಲಿ ಇರದ ಕಾರಣ ನಾನು ಅದನ್ನು ಮರೆತೇಬಿಟ್ಟೆ. ಜೊತೆಗೆ, ಎರಡನೆಯ ಸಂಜೆ ತಡವಾಗಿದ್ದರಿಂದ ವಾಲ್ಯೂಮ್ ತಗ್ಗಿಸಿಕೊಂಡು ಕೆಲಸ ಮಾಡಿದ್ದೆ. ಸದ್ದು ತಗ್ಗಿದಾಗ ಕಿವಿಗೆ ಕೆಳಸ್ತರದ ಆವರ್ತನಗಳು ಉಳಿದವುಗಳಿಗಿಂತ ಹೆಚ್ಚು ಕ್ಷೀಣವಾಗಿ ಕೇಳಿಸುತ್ತವೆ ಎಂಬುದನ್ನು ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಗೊತ್ತಿದ್ದೂ ಮೋಸಹೋಗಿ ಬೇಸನ್ನು ಏರಿಸುತ್ತಲೇ ಹೋಗಿದ್ದೆ. ಬೆಳಿಗ್ಗೆ ಸಾಮಾನ್ಯ ಮಟ್ಟದಲ್ಲಿ ಹಾಕಿದಾಗ ಕೋಣೆ ಗುಂಯ್‌ಗುಟ್ಟಿತು.

ಮೂರನೆಯದು ಕಳೆಯುವ ದಾರಿ. ಇಲ್ಲಿ ಮೊದಲ ಮಿಕ್ಸನ್ನೇ ಇಟ್ಟುಕೊಂಡು, ಟಿಪ್ಪಣಿ ಯಾವ ವಾದ್ಯದ ಹೆಸರು ಹೇಳುತ್ತದೆಯೋ ಅದನ್ನು ಆದಷ್ಟು ಮುಟ್ಟದೆ, ಅದರ ಜಾಗವನ್ನು ಕಸಿದುಕೊಂಡಿರುವ ಇನ್ನೊಂದನ್ನು ಹುಡುಕಿದೆ. ಅದಕ್ಕೂ ಮುಂಚೆ ನಾಲ್ವರಿಗೂ ಫೋನ್ ಮಾಡಿ, ಹಾಡನ್ನು ಯಾವುದರಲ್ಲಿ, ಎಷ್ಟು ಜೋರಾಗಿ ಕೇಳಿದಿರಿ ಎಂದು ವಿಚಾರಿಸಿದೆ. ಗಿಟಾರ್ ತೆಳ್ಳಗಿದೆ ಎಂದವನು ಚಲಿಸುವ ಕಾರಿನಲ್ಲಿ ಕೇಳಿದ್ದ. ದನಿ ಮುಳುಗಿದೆ ಎಂದವಳು ಇಯರ್‌ಫೋನಿನಲ್ಲಿ ಮೆಲ್ಲಗೆ ಕೇಳಿದ್ದಳು. ಈ ಒಂದು ಪ್ರಶ್ನೆಯನ್ನು ನಾನು ಮೊದಲ ದಿನವೇ ಕೇಳಬೇಕಿತ್ತು.

ಕೋರಸ್‌ನಲ್ಲಿ ಎರಡೆರಡು ಬಾರಿ ನುಡಿಸಿ ದಾಖಲಿಸಿದ ನಾಲ್ಕು ಗಿಟಾರ್ ಟ್ರ್ಯಾಕ್‌ಗಳಿದ್ದವು, ಮತ್ತು ನಾಲ್ಕೂ 2ರಿಂದ 4 ಕಿಲೋಹರ್ಟ್ಜ್ ನಡುವೆ ಕಿಕ್ಕಿರಿದಿದ್ದವು. ಹಾಡುವವಳ ಪದಗಳು ಸ್ಪಷ್ಟವಾಗಲು ಬೇಕಾದ ವ್ಯಂಜನಗಳ ಬಹುಭಾಗ ಇರುವುದೂ ಅದೇ ಪ್ರದೇಶದಲ್ಲಿ. ಗಿಟಾರ್ ಗುಂಪಿನ ಮೇಲೆ 2.8 ಕಿಲೋಹರ್ಟ್ಜ್ ಸುತ್ತ ಅಗಲವಾಗಿ ಎರಡೂವರೆ ಡೆಸಿಬೆಲ್ ಇಳಿಸಿ, ಅದು ಕೋರಸ್‌ನಲ್ಲಿ ಅವಳು ಹಾಡುವಾಗ ಮಾತ್ರ ಕೆಲಸ ಮಾಡುವಂತೆ ಆಟೊಮೇಷನ್ ಬರೆದೆ. ಅವಳ ಫೇಡರನ್ನು ಏರಿಸಿದ್ದು ಅರ್ಧ ಡೆಸಿಬೆಲ್ ಮಾತ್ರ. ಗಿಟಾರುಗಳ ದಪ್ಪಕ್ಕಾಗಿ, ಅವುಗಳ ತಳವನ್ನು 150 ಹರ್ಟ್ಜ್‌ಗೇ ಕತ್ತರಿಸುತ್ತಿದ್ದ ಫಿಲ್ಟರನ್ನು 90ಕ್ಕೆ ಇಳಿಸಿ, ಚರಣಗಳಲ್ಲಿ ಅವನ್ನು ಒಂದೂವರೆ ಡೆಸಿಬೆಲ್ ತಗ್ಗಿಸಿದೆ. ಹಿಂದಿನ ಚರಣ ಚಿಕ್ಕದಾದರೆ ಕೋರಸ್ ತಾನಾಗಿಯೇ ದೊಡ್ಡದಾಗುತ್ತದೆ.

ಬೇಸ್‌ಗೆ ಮಾಡಿದ ಉಪಾಯ ಮಾತ್ರ ಕಳೆಯುವುದಲ್ಲ, ಕೂಡಿಸುವುದು. ಟ್ರ್ಯಾಕಿನ ಇನ್ನೊಂದು ನಕಲು ತೆಗೆದು, ಅದರ ತಳಭಾಗವನ್ನು ಪೂರ್ತಿ ಕತ್ತರಿಸಿ, ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಚೆನ್ನಾಗಿ ಹಾಕಿ, ಮೂಲಕ್ಕಿಂತ 12 ಡೆಸಿಬೆಲ್ ಕೆಳಗೆ ಬೆರೆಸಿದೆ. 41 ಹರ್ಟ್ಜ್‌ನ ಸ್ವರಕ್ಕೆ 82, 123, 164 ಎಂದು ಎರಡು, ಮೂರು, ನಾಲ್ಕು ಪಟ್ಟಾಗಿ ಮೇಲೇರುವ ಹಾರ್ಮೋನಿಕ್‌ಗಳಿರುತ್ತವೆ. ಡಿಸ್ಟಾರ್ಷನ್ ಆ ಏಣಿಯ ಮೇಲಿನ ಮೆಟ್ಟಿಲುಗಳನ್ನು ಬಲಪಡಿಸುತ್ತದೆ, ಮತ್ತು ಅವು ಕೇಳಿಸಿದರೆ ಸಾಕು, ಇಲ್ಲದ ಮೂಲಸ್ವರವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಆ ನಕಲನ್ನು ಒಂಟಿಯಾಗಿ ಕೇಳಿದರೆ ಸಿಟ್ಟಿಗೆದ್ದ ಜೀರುಂಡೆಯಂತಿತ್ತು. ಫೋನಿನಲ್ಲಿ ಇಡೀ ಹಾಡು ಹಾಕಿದಾಗ ಬೇಸ್‌ನ ಒಂದೊಂದು ಸ್ವರವನ್ನೂ ಬಾಯಲ್ಲಿ ಹಿಂಬಾಲಿಸಬಹುದಿತ್ತು.

ಈ ಮೂರನೆಯ ದಾರಿ ಸೋತದ್ದು ಸ್ನೇರ್‌ನಲ್ಲಿ. ಎರಡನೆಯ ಪ್ರತಿಯಲ್ಲಿ ಸಿಕ್ಕ ಉತ್ತರವನ್ನು ಇಲ್ಲಿ ಬಳಸಬಾರದೆಂದು ನಾನೇ ನಿಯಮ ಹಾಕಿಕೊಂಡು, ಡಬ್ಬದ ಸದ್ದಿಗೆ 400 ಹರ್ಟ್ಜ್ ಸುತ್ತ 3 ಡೆಸಿಬೆಲ್ ಕಳೆದೆ. ಡಬ್ಬ ಹೋಯಿತು, ಸ್ನೇರ್ ಕೂಡ ಅದರ ಜೊತೆಗೇ ಹೋಯಿತು. ಮೂಲದಲ್ಲೇ ದೋಷವಿದ್ದರೆ ಸುತ್ತಮುತ್ತ ಎಷ್ಟು ಜಾಗ ಮಾಡಿಕೊಟ್ಟರೂ ಉಪಯೋಗವಿಲ್ಲ, ಮತ್ತು ಅಂಥ ದೋಷ ಕಣ್ಣಿಗೆ ಬೀಳುವುದು ಟ್ರ್ಯಾಕ್‌ಗಳನ್ನು ಬರಿಮೈಯಲ್ಲಿ ಕೇಳಿದಾಗ ಮಾತ್ರ.

ಮತಕ್ಕೆ ಹಾಕುವಾಗ ಕಡತಗಳಿಗೆ ಬರೀ ಅಕ್ಷರಗಳ ಹೆಸರಿಟ್ಟಿದ್ದೆ. ಅವಸರದಲ್ಲಿ ಮೊದಲ ಸಲ ಮಟ್ಟ ಸರಿಪಡಿಸದ ಕಡತಗಳನ್ನೇ ಕಳುಹಿಸಿಬಿಟ್ಟಿದ್ದರಿಂದ ತೇಪೆಯ ಮಿಕ್ಸ್‌ಗೆ ಎರಡು ಮತಗಳು ಬಂದವು. ಮಟ್ಟ ಸಮಮಾಡಿ ಮತ್ತೆ ಕಳುಹಿಸಿದಾಗ ಅದಕ್ಕೆ ಒಂದೂ ಬರಲಿಲ್ಲ. ಡ್ರಮ್ಮರ್ ಎರಡನೆಯದನ್ನು ಆರಿಸಿಕೊಂಡ, ಉಳಿದ ಮೂವರು ಮೂರನೆಯದನ್ನು.

ಕೊನೆಗೆ ಉಳಿಸಿಕೊಂಡದ್ದು ಮೂರನೆಯ ಪ್ರತಿಯನ್ನು. ಎರಡನೆಯದರಿಂದ ಸ್ನೇರ್‌ನ ಪೋಲಾರಿಟಿಯನ್ನೂ, ಕಿಕ್ ಮತ್ತು ಬೇಸ್ ನಡುವಿನ ಮಟ್ಟವನ್ನೂ ಅದಕ್ಕೆ ತಂದು ಸೇರಿಸಿದೆ. ಈಗ ಗಿಟಾರ್ ನಿಜವಾಗಿಯೂ ದಪ್ಪಗಿದೆ ಎಂದು ಗಿಟಾರಿಸ್ಟ್ ಬರೆದ. ಅವನ ಟ್ರ್ಯಾಕ್‌ಗಳ ಮಟ್ಟ ಹಾಡಿನುದ್ದಕ್ಕೂ ಎಲ್ಲಿಯೂ ಮೊದಲಿಗಿಂತ ಏರಿಲ್ಲ, ಚರಣಗಳಲ್ಲಿ ಇಳಿದೇ ಇದೆ ಎಂಬುದನ್ನು ಅವನಿಗೆ ನಾನಿನ್ನೂ ಹೇಳಿಲ್ಲ. ಕೀಬೋರ್ಡನ್ನೂ ಒಂದೂವರೆ ಡೆಸಿಬೆಲ್ ಇಳಿಸಿದೆ. ಅದನ್ನು ಯಾರೊಬ್ಬರೂ ಗಮನಿಸಿಲ್ಲ. ನಾನು ಮಾತ್ರ ಎರಡನೆಯ ಚರಣ ಬಂದಾಗಲೆಲ್ಲ ಅದನ್ನು ಹುಡುಕುತ್ತೇನೆ.