ಬ್ಯಾಕ್‌ಹೋಗೆ ಥಂಬ್ ಹಾಕಿಸಬೇಕಾ? ಎರಡು ಬಗೆಯದನ್ನೂ ಸವೆಯುವಷ್ಟು ಬಳಸಿದ ಮೇಲೆ

ಥಂಬ್ ಅಂದರೆ ಬ್ಯಾಕ್‌ಹೋ ಎನ್ನುವ ಅಗೆಯುವ ಯಂತ್ರದ ಆರ್ಮ್‌ಗೆ (ಬಕೆಟ್ ಹೊತ್ತಿರುವ ತೋಳು) ಕೂರಿಸುವ, ಬಕೆಟ್ ಎದುರು ಹೆಬ್ಬೆರಳಿನಂತೆ ನಿಂತು ಹಿಡಿಯುವ ಕಬ್ಬಿಣದ ಕೈ. ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಯಂತ್ರ ದಿನವಿಡೀ ಪೈಪ್‌ಲೈನ್ ಗುಂಡಿ, ಪಾಯ, ಚರಂಡಿ ಅಂತ ಬರೀ ಅಗೆಯುವ ಕೆಲಸವನ್ನೇ ಮಾಡುತ್ತಿದ್ದರೆ ಥಂಬ್ ಬೇಡ. ಗುಂಡುಕಲ್ಲು, ಮರದ ಬೊಡ್ಡೆ, ದಿಮ್ಮಿ, ಒಡೆದ ಕಾಂಕ್ರೀಟ್, ಕಡಿದು ಹಾಕಿದ ಪೊದೆ, ಇಂಥದ್ದನ್ನು ಎತ್ತಿ ಇನ್ನೊಂದು ಕಡೆ ಇಡುವ ಕೆಲಸ ಆಗಾಗ ಬರುತ್ತಿದ್ದರೆ ಹಾಕಿಸಿ, ಯೋಚನೆ ಮಾಡುತ್ತಾ ಕೂರಬೇಡಿ. ನಾನು ಮೊದಲು ಪಿನ್ ಹಾಕಿ ನಿಲ್ಲಿಸುವ ಮೆಕ್ಯಾನಿಕಲ್ ಥಂಬ್ ಇಟ್ಟುಕೊಂಡಿದ್ದೆ, ಆಮೇಲೆ ಎಣ್ಣೆಯ ಒತ್ತಡದಿಂದ ಆಡುವ ಹೈಡ್ರಾಲಿಕ್‌ಗೆ ಬಂದೆ. ಕೊಳ್ಳುವವರು ಸಾಮಾನ್ಯವಾಗಿ ಕೇಳುವುದು ಈ ಎರಡರಲ್ಲಿ ಯಾವುದು ಅಂತ. ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ: ಥಂಬಿನ ಉದ್ದ, ಮತ್ತು ಅದನ್ನು ಆರ್ಮ್ ಮೇಲೆ ಎಲ್ಲಿ, ಹೇಗೆ ಕೂರಿಸುತ್ತೀರಿ ಎನ್ನುವುದು. ಅದು ಸರಿಯಿದ್ದರೆ ಸಾದಾ ಥಂಬ್ ಕೂಡ ಚಿನ್ನದಂಥ ಕೆಲಸ ಕೊಡುತ್ತದೆ. ಅದು ತಪ್ಪಿದರೆ ಎಷ್ಟು ದುಡ್ಡು ಸುರಿದರೂ ಅಷ್ಟೇ.

ಬಕೆಟ್ ಇರುವುದು ಮಣ್ಣು ಬಾಚುವುದಕ್ಕೆ. ಹಿಡಿಯುವುದಕ್ಕಲ್ಲ. ಹೆಬ್ಬೆರಳು ಮಡಚಿಟ್ಟುಕೊಂಡು ಬರೀ ನಾಲ್ಕು ಬೆರಳಲ್ಲಿ ಒಂದು ಕಲ್ಲು ಎತ್ತಿ ನೋಡಿ, ಬ್ಯಾಕ್‌ಹೋ ಪಾಡು ಗೊತ್ತಾಗುತ್ತದೆ. ಬಕೆಟ್ಟಿನೊಳಗೆ ಪೂರ್ತಿ ಕೂರದ ಗುಂಡುಕಲ್ಲನ್ನು ಬರೀ ಬಕೆಟ್‌ನಿಂದ ಎತ್ತಬೇಕೆಂದರೆ ಅದನ್ನು ಉರುಳಿಸಿಕೊಂಡು ಹೋಗಿ ಗುಂಡಿಯ ಗೋಡೆಗೋ ಇನ್ನೊಂದು ಕಲ್ಲಿಗೋ ಒತ್ತಿ ಮೇಲೆ ಹತ್ತಿಸಬೇಕು. ಹತ್ತಿತು ಅನ್ನುವಷ್ಟರಲ್ಲಿ ಜಾರಿ ಬೀಳುತ್ತದೆ. ಮತ್ತೆ ಮೊದಲಿಂದ. ಕೊನೆಗೆ ಹೆಲ್ಪರ್ ಕೆಳಗಿಳಿದು ಚೈನ್ ಸುತ್ತಬೇಕು. ಥಂಬ್ ಇದ್ದರೆ ಆರ್ಮ್ ಇಳಿಸಿ, ಥಂಬಿನ ತುದಿಯನ್ನು ಕಲ್ಲಿನ ಒಂದು ಬದಿಗೆ ತಾಗಿಸಿ, ಇನ್ನೊಂದು ಬದಿಯಿಂದ ಬಕೆಟ್ ಮಡಚಿದರೆ ಮುಗಿಯಿತು. ಕಲ್ಲು ಸರಿಯಾಗಿ ಕೂತಾಗ ಎಂಜಿನ್ ಸದ್ದು ಸ್ವಲ್ಪ ತಗ್ಗುತ್ತದೆ, ಆರ್ಮ್ ಒಮ್ಮೆ ಬಿಗಿಯುತ್ತದೆ. ಆಗ ಒಂದು ಅಡಿಯಷ್ಟೇ ಎತ್ತಿ, ಸ್ವಲ್ಪ ಅಲ್ಲಾಡಿಸಿ ನೋಡಿ. ಅಲ್ಲಾಡದೆ ನಿಂತರೆ ಮಾತ್ರ ಮುಂದಕ್ಕೆ ಒಯ್ಯಿರಿ.

ಬೊಡ್ಡೆ ಕೀಳುವುದರಲ್ಲಂತೂ ಥಂಬಿಗೆ ಸಾಟಿಯಿಲ್ಲ. ಸುತ್ತಲ ಬೇರನ್ನು ಬಕೆಟ್ ಹಲ್ಲಿನಿಂದ ಕಡಿದು, ಬೊಡ್ಡೆಯನ್ನು ಒಂದು ಕಡೆಗೆ ವಾಲಿಸಿ, ಆಮೇಲೆ ಥಂಬಿನಿಂದ ಕಚ್ಚಿ ಹಿಡಿದು ಎತ್ತುವುದು. ಅಸಲಿ ಲಾಭ ಬರುವುದು ಅದರ ನಂತರ. ಬೊಡ್ಡೆಯನ್ನು ಗುಂಡಿಯ ಮೇಲೆಯೇ ಹಿಡಿದು ನಾಲ್ಕು ಸಲ ಜಾಡಿಸಿದರೆ ಬೇರಿನ ನಡುವಿನ ಮಣ್ಣೆಲ್ಲ ಅದೇ ಗುಂಡಿಗೆ ಉದುರುತ್ತದೆ. ಗುಂಡಿ ಮುಚ್ಚಲು ಹೊರಗಿನಿಂದ ಮಣ್ಣು ತರುವುದು ಕಡಿಮೆಯಾಗುತ್ತದೆ, ಸಾಗಿಸುವ ಬೊಡ್ಡೆಯೂ ಹಗುರವಾಗುತ್ತದೆ. ಪೊದೆ, ಕೊಂಬೆಗಳ ರಾಶಿಗೂ ಹಾಗೆಯೇ. ಬರೀ ಬಕೆಟ್‌ನಲ್ಲಿ ಎತ್ತಿದರೆ ಅರ್ಧ ದಾರಿಯಲ್ಲೇ ಚೆಲ್ಲುತ್ತದೆ. ಥಂಬ್ ಒತ್ತಿ ಹಿಡಿದರೆ ಒಂದೇ ಕಟ್ಟಿನಂತೆ ಬರುತ್ತದೆ.

ಹಿಡಿತ ಸಿಕ್ಕಿತು ಅಂತ ತೂಕ ಮರೆಯಬಾರದು. ಗ್ರಾನೈಟ್ ಒಂದು ಘನ ಮೀಟರ್‌ಗೆ ಸುಮಾರು 2.6ರಿಂದ 2.7 ಟನ್ ತೂಗುತ್ತದೆ. ಅರ್ಧ ಮೀಟರ್ ಅಡ್ಡಳತೆಯ ಗುಂಡುಕಲ್ಲು ಸುಮಾರು 170 ಕಿಲೋ. ಒಂದು ಮೀಟರ್ ಅಡ್ಡಳತೆಯದು ಅದರ ಎರಡು ಪಟ್ಟಲ್ಲ, ಎಂಟು ಪಟ್ಟು, ಅಂದರೆ 1,400 ಕಿಲೋ ಹತ್ತಿರ. ಕಣ್ಣಿಗೆ ಸ್ವಲ್ಪ ದೊಡ್ಡದು ಅನಿಸಿದ ಕಲ್ಲು ಆರ್ಮ್ ಪೂರ್ತಿ ಚಾಚಿದಾಗ ಯಂತ್ರವನ್ನೇ ಎಳೆಯುತ್ತದೆ. ಭಾರದ ಕಲ್ಲನ್ನು, ಆರ್ಮ್ ಅನ್ನು ಯಂತ್ರದ ಹತ್ತಿರಕ್ಕೆ ತಂದುಕೊಂಡೇ ಎತ್ತಬೇಕು. ಥಂಬಿನ ತೂಕವೂ ಆರ್ಮ್ ತುದಿಯಲ್ಲೇ ನೇತಾಡುತ್ತಿರುತ್ತದೆ, ಎತ್ತುವ ಶಕ್ತಿಯಲ್ಲಿ ಅಷ್ಟು ಕಮ್ಮಿ ಅಂತಲೇ ಲೆಕ್ಕ ಹಾಕಿ.

ಈಗ ಅಳತೆಯ ವಿಷಯ. ಕೊಳ್ಳುವವರು ಜಾಸ್ತಿ ಹೊತ್ತು ನಿಲ್ಲಬೇಕಾದ ಜಾಗ ಇದು.

ಬಕೆಟ್ ತಿರುಗುವುದು ಆರ್ಮ್ ತುದಿಯ ಪಿನ್ ಸುತ್ತ. ಆ ಪಿನ್ನಿನಿಂದ ಬಕೆಟ್ ಹಲ್ಲಿನ ತುದಿಗೆ ಎಷ್ಟು ದೂರ ಇದೆಯೋ ಅದೇ ಮುಖ್ಯ ಅಳತೆ. ಥಂಬ್ ಮುಚ್ಚಿದಾಗ ಅದರ ತುದಿ ಬಕೆಟ್ ಹಲ್ಲಿಗೆ ಸಮನಾಗಿ ಬರಬೇಕು, ಇಲ್ಲವೇ ಒಂದೆರಡು ಇಂಚು ಮುಂದೆ ಬರಬೇಕು. ಗಿಡ್ಡವಾದರೆ ಸಣ್ಣ ಕಲ್ಲು ಹಲ್ಲಿನ ತುದಿಯಿಂದಲೇ ಜಾರುತ್ತದೆ. ತೀರಾ ಉದ್ದವಾದರೆ ಮಡಚಿಟ್ಟಾಗ ಬೂಮ್‌ಗೆ (ಆರ್ಮನ್ನು ಹೊತ್ತಿರುವ ದೊಡ್ಡ ತೋಳು) ಬಡಿಯುತ್ತದೆ. ಥಂಬ್ ಕೂರುವುದು ಆರ್ಮಿನ ಒಳಮುಖಕ್ಕೆ, ಅಂದರೆ ಆಪರೇಟರ್ ಕಡೆಗೆ. ಆರ್ಮ್ ಪೂರ್ತಿ ಒಳಕ್ಕೆ ಎಳೆದಾಗ ಆರ್ಮ್ ಮತ್ತು ಬೂಮ್ ನಡುವೆ ಅದಕ್ಕೆ ಜಾಗ ಇದೆಯಾ ಅಂತ ನೋಡಲೇಬೇಕು. ರಸ್ತೆಯಲ್ಲಿ ಹೋಗುವಾಗ ಆರ್ಮ್ ಮಡಚಿಡುವ ಭಂಗಿಯಲ್ಲೂ ಇದನ್ನೇ ನೋಡಬೇಕು.

ಇದಕ್ಕೆ ಒಂದು ಸುಲಭ ದಾರಿ ಇದೆ. ದಪ್ಪ ರಟ್ಟು ಅಥವಾ ಪ್ಲೈವುಡ್‌ನಲ್ಲಿ ಥಂಬಿನ ಆಕಾರ ಕತ್ತರಿಸಿ. ಎಂಜಿನ್ ಆಫ್ ಮಾಡಿ, ಬಕೆಟ್ ನೆಲಕ್ಕೆ ಊರಿಸಿ, ಅದನ್ನು ಆರ್ಮ್ ಮೇಲೆ ಕಟ್ಟಿ. ಆಮೇಲೆ ಎಲ್ಲರೂ ದೂರ ನಿಂತು, ಬಕೆಟ್ ಮತ್ತು ಆರ್ಮ್ ಅನ್ನು ನಿಧಾನಕ್ಕೆ ಈ ತುದಿಯಿಂದ ಆ ತುದಿಯವರೆಗೆ ಓಡಿಸಿ ನೋಡಿ. ಎಲ್ಲಿ ತಾಗುತ್ತದೆ, ಎಲ್ಲಿ ಹಲ್ಲು ಕೂಡುತ್ತದೆ, ಎಲ್ಲ ಕಾಣುತ್ತದೆ. ಅರ್ಧ ದಿನದ ಕೆಲಸ. ಕಬ್ಬಿಣ ಕತ್ತರಿಸಿ ಮತ್ತೆ ಕತ್ತರಿಸುವುದು ತಪ್ಪುತ್ತದೆ.

ಇನ್ನೊಂದು ವಿಷಯ. ಥಂಬಿಗೆ ಆರ್ಮ್ ಮೇಲೆ ಬೇರೆಯದೇ ಪಿನ್ ಇದ್ದರೆ ಬಕೆಟ್ ಒಂದು ಕೇಂದ್ರದ ಸುತ್ತ, ಥಂಬ್ ಇನ್ನೊಂದು ಕೇಂದ್ರದ ಸುತ್ತ ತಿರುಗುತ್ತದೆ. ಹೀಗಾಗಿ ಹಲ್ಲುಗಳು ಸರಿಯಾಗಿ ಕೂಡುವುದು ಓಟದ ಒಂದು ಭಾಗದಲ್ಲಿ ಮಾತ್ರ. ಬಕೆಟ್ ಪಿನ್‌ಗೇ ಕೂರುವ ಥಂಬ್‌ಗಳಲ್ಲಿ ಎರಡೂ ಒಂದೇ ಕೇಂದ್ರದ ಸುತ್ತ ತಿರುಗುವುದರಿಂದ ಎಲ್ಲಿ ಮುಚ್ಚಿದರೂ ಒಂದೇ ತರ ಕೂಡುತ್ತವೆ. ಅದು ಒಳ್ಳೆಯದೇ, ಆದರೆ ಉದ್ದನೆಯ ಪಿನ್ ಬೇಕು, ಕೂರಿಸುವ ಕೆಲಸ ಜಾಸ್ತಿ. ನೀವು ಬಕೆಟ್ ಬದಲಾಯಿಸುತ್ತಿರುವವರಾದರೆ ಜಾಸ್ತಿ ಬಳಸುವ ಬಕೆಟ್ಟಿನ ಅಳತೆಗೆ ಥಂಬ್ ಮಾಡಿಸಿ. ಬಕೆಟ್ ಬೇಗ ಬದಲಾಯಿಸಲು ಹಾಕುವ ಕ್ವಿಕ್ ಕಪ್ಲರ್ ಇದ್ದರೆ ಬಕೆಟ್ ಇನ್ನಷ್ಟು ದೂರ ಹೋಗುತ್ತದೆ. ಅದನ್ನು ಹಾಕಿಟ್ಟುಕೊಂಡೇ ಅಳತೆ ತೆಗೆಯಿರಿ. ಉದ್ದವಾಗುವ ಆರ್ಮ್ ಇದ್ದರೆ, ಬಕೆಟ್ ಯಾವ ಭಾಗದ ಜೊತೆ ಮುಂದೆ ಹೋಗುತ್ತದೋ ಆ ಭಾಗಕ್ಕೇ ಥಂಬ್ ಕೂರಬೇಕು. ಇಲ್ಲವಾದರೆ ಆರ್ಮ್ ಚಾಚಿದ ಕೂಡಲೇ ಬಕೆಟ್ ದೂರ ಹೋಗಿ ಥಂಬ್ ಖಾಲಿ ಗಾಳಿ ಹಿಡಿಯುತ್ತದೆ.

ಮೆಕ್ಯಾನಿಕಲ್ ಥಂಬ್ ಅಂದರೆ ಒಂದು ಗಟ್ಟಿ ಕೈ, ಅದನ್ನು ತಡೆಯುವ ಒಂದು ರಾಡ್, ರಾಡಿನಲ್ಲಿ ಎರಡು ಮೂರು ತೂತು. ಯಾವ ತೂತಿಗೆ ಪಿನ್ ಹಾಕುತ್ತೀರೋ ಆ ಕೋನದಲ್ಲಿ ನಿಲ್ಲುತ್ತದೆ. ಬಕೆಟ್ಟೇ ಬಂದು ಅದಕ್ಕೆ ಒತ್ತಬೇಕು. ಕೆಡುವುದಕ್ಕೆ ಇದರಲ್ಲಿ ಹೆಚ್ಚೇನೂ ಇಲ್ಲ. ಒಂದೇ ತರದ ಕೆಲಸಕ್ಕೆ, ಉದಾಹರಣೆಗೆ ಹೊಲದ ಕಲ್ಲು ಆರಿಸಿ ಬದಿಗೆ ಹಾಕುವುದಕ್ಕೆ, ಇದು ಧಾರಾಳವಾಗಿ ಸಾಕು. ತೊಂದರೆ ಏನೆಂದರೆ ಕೋನ ಬದಲಾಯಿಸಲು ಪ್ರತಿ ಸಲ ಯಂತ್ರದಿಂದ ಇಳಿಯಬೇಕು. ಅಗೆಯಬೇಕೆಂದರೆ ಮಡಚಬೇಕು, ಎತ್ತಬೇಕೆಂದರೆ ಬಿಚ್ಚಬೇಕು. ಸ್ವಲ್ಪ ಅಗೆ, ಒಂದು ಕಲ್ಲು ತೆಗೆ, ಮತ್ತೆ ಅಗೆ ಅನ್ನುವ ನೆಲದಲ್ಲಿ ಕೆಸರಲ್ಲಿ ಹತ್ತಿ ಇಳಿದು ಸಾಕಾಗಿಹೋಗುತ್ತದೆ. ನಾನು ಹೈಡ್ರಾಲಿಕ್‌ಗೆ ಬದಲಾಯಿಸಿದ್ದು ಅದೊಂದೇ ಕಾರಣಕ್ಕೆ.

ಹೈಡ್ರಾಲಿಕ್ ಥಂಬ್ ಬಂದ ಮೇಲೆ ಇನ್ನೊಂದು ಅನುಕೂಲ ಕಂಡೆ. ಹಿಡಿದ ಕಲ್ಲನ್ನು ಬಿಡದೆಯೇ ತಿರುಗಿಸಬಹುದು. ಬಕೆಟ್ ಒಳಕ್ಕೆ, ಥಂಬ್ ಹೊರಕ್ಕೆ, ಎರಡನ್ನೂ ಒಟ್ಟಿಗೆ ಆಡಿಸಿದರೆ ಕಲ್ಲಿನ ಚಪ್ಪಟೆ ಮುಖ ಕೆಳಗೆ ಬರುವ ಹಾಗೆ ಇಡಬಹುದು. ಕಲ್ಲಿನ ಗೋಡೆ, ದಡ ಕಟ್ಟುವವರಿಗೆ ಇದಿಲ್ಲದೆ ಆಗುವುದಿಲ್ಲ. ಮೆಕ್ಯಾನಿಕಲ್‌ನಲ್ಲಿ ಕಲ್ಲು ಹೇಗೆ ಸಿಕ್ಕಿತೋ ಹಾಗೇ ಇಳಿಯುತ್ತದೆ.

ಆದರೆ ಹೈಡ್ರಾಲಿಕ್ ಅಂದರೆ ಸಿಲಿಂಡರ್, ಹೋಸ್, ವಾಲ್ವ್, ಜೊತೆಗೆ ಅದನ್ನು ಆಡಿಸಲು ಒಂದು ಲಿವರ್ ಅಥವಾ ಪೆಡಲ್. ಯಂತ್ರದಲ್ಲಿ ಕಲ್ಲು ಒಡೆಯುವ ಬ್ರೇಕರ್ ಆಡಿಸುವ ಹೆಚ್ಚುವರಿ ಎಣ್ಣೆ ಲೈನ್ ಇದ್ದರೂ ಅದರಲ್ಲಿ ಎಣ್ಣೆ ಎರಡೂ ಕಡೆಗೆ ಹರಿಯುತ್ತದಾ ಅಂತ ಕೇಳಿ. ಬ್ರೇಕರ್‌ಗೆ ಒಂದು ಕಡೆ ಹರಿದರೆ ಸಾಕು, ಥಂಬಿಗೆ ಎರಡೂ ಬೇಕು. ಇರುವ ಒಂದು ಲೈನನ್ನೇ ಸ್ವಿಚ್ ಒತ್ತಿ ಥಂಬಿಗೆ ತಿರುಗಿಸುವ ಡೈವರ್ಟರ್ ವಾಲ್ವ್ ಹಾಕಿದರೆ ಖರ್ಚು ಕಡಿಮೆ, ಆದರೆ ಥಂಬ್ ಆಡುವಾಗ ಆ ಲೈನಿನ ಮೂಲ ಕೆಲಸ ನಿಲ್ಲುತ್ತದೆ. ಆದರೆ ಥಂಬಿಗೆ ಎಣ್ಣೆಯನ್ನು ಬಕೆಟ್ ಲೈನಿನಿಂದ ತೆಗೆಯಬೇಡಿ. ಬಕೆಟ್ ಮತ್ತು ಥಂಬ್ ಎರಡೂ ಒಟ್ಟಿಗೆ ಆಡಬೇಕು.

ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದರೆ ಎಣ್ಣೆಗೆ ದಾರಿ ಬಿಡುವ ವಾಲ್ವ್) ವಿಷಯದಲ್ಲಿ ಯಾರ ಮಾತೂ ಕೇಳಬೇಡಿ, ಹಾಕಿಸಿಯೇ ಹಾಕಿಸಿ. ದೊಡ್ಡ ಬ್ಯಾಕ್‌ಹೋಗಳಲ್ಲಿ ಒತ್ತಡ ಸಾಮಾನ್ಯವಾಗಿ 200ರಿಂದ 250 ಬಾರ್. 200 ಬಾರ್‌ನಲ್ಲಿ 80 ಮಿ.ಮೀ. ಒಳ ಅಳತೆಯ ಬಕೆಟ್ ಸಿಲಿಂಡರ್ ಸುಮಾರು 10 ಟನ್ ಬಲದಲ್ಲಿ ತಳ್ಳುತ್ತದೆ. 63 ಮಿ.ಮೀ. ಥಂಬ್ ಸಿಲಿಂಡರ್‌ನದು 6 ಟನ್ ಆಸುಪಾಸು. ಕಲ್ಲು ನಡುವೆ ಇಟ್ಟುಕೊಂಡು ಬಕೆಟ್ ಒತ್ತಿದಾಗ ಥಂಬ್ ಸಿಲಿಂಡರ್‌ನ ಎಣ್ಣೆಗೆ ಹೋಗಲು ದಾರಿ ಇಲ್ಲದಿದ್ದರೆ ಒತ್ತಡ ಏರಿ ಹೋಸ್ ಒಡೆಯುತ್ತದೆ, ಇಲ್ಲವೇ ರಾಡ್ ಬಾಗುತ್ತದೆ. ರಿಲೀಫ್ ವಾಲ್ವ್ ಇದ್ದರೆ ಥಂಬ್ ಹಿಡಿತ ಬಿಡದೆ ಸ್ವಲ್ಪ ಸ್ವಲ್ಪ ಹಿಂದೆ ಸರಿಯುತ್ತದೆ. ಹೋಸ್ ಒಡೆದರೂ ಕಲ್ಲು ಬೀಳದಂತೆ ಸಿಲಿಂಡರ್ ಮೇಲೆಯೇ, ಎಣ್ಣೆ ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಬೇಕು. ಅದನ್ನು ಹಾಕಿದರೆ ರಿಲೀಫ್ ಅದರ ಸಿಲಿಂಡರ್ ಕಡೆಗೇ ಇರಬೇಕು. ಆಚೆ ಕಡೆ ಇದ್ದರೆ ಸಿಲಿಂಡರಿನ ಎಣ್ಣೆ ಅಲ್ಲಿಗೆ ತಲುಪುವುದೇ ಇಲ್ಲ.

ವೆಲ್ಡಿಂಗ್‌ನಲ್ಲಿ ನನಗೆ ಕಹಿ ಅನುಭವ ಆಗಿದೆ. ಮೊದಲ ಥಂಬ್ ಕೂರಿಸಿದ ವರ್ಕ್‌ಶಾಪ್‌ನವರು ಪ್ಲೇಟಿನ ನಾಲ್ಕೂ ಬದಿ ಸುತ್ತ ವೆಲ್ಡ್ ಎಳೆದಿದ್ದರು. ಕೆಲವು ತಿಂಗಳಲ್ಲಿ ಆರ್ಮಿನ ಅಡ್ಡಕ್ಕೆ ಎಳೆದಿದ್ದ ವೆಲ್ಡಿನ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ತೊಳೆದು ಒಣಗಿಸಿದ ಮೇಲೂ ಆ ಗೆರೆಯಲ್ಲಿ ತುಕ್ಕಿನ ಕೆಂಪು ಮತ್ತೆ ಮತ್ತೆ ಮೂಡುತ್ತಿತ್ತು. ಬಿರುಕು ಅಂತ ತಿಳಿದದ್ದು ಅದರಿಂದಲೇ. ಆರ್ಮ್ ಎನ್ನುವುದು ಒಳಗೆ ಟೊಳ್ಳಿರುವ ಪೆಟ್ಟಿಗೆ, ಅದರ ಮುಖದ ಪ್ಲೇಟ್ ಪ್ರತಿ ಸಲ ಅಗೆದಾಗಲೂ ಎಳೆತ ತಿನ್ನುತ್ತದೆ. ವೆಲ್ಡ್ ಉದ್ದಕ್ಕೆ ಇರಬೇಕು, ಅಡ್ಡಕ್ಕೆ ಬೇಡ. ಪ್ಲೇಟಿನ ತುದಿಗಿಂತ ಸ್ವಲ್ಪ ಮೊದಲೇ ನಿಲ್ಲಿಸಬೇಕು. ದಪ್ಪ ಪ್ಲೇಟನ್ನು ಮೊದಲು ಬಿಸಿ ಮಾಡಿಕೊಳ್ಳಬೇಕು. ಅರ್ತ್ ಕ್ಲಾಂಪ್ ವೆಲ್ಡಿಂಗ್ ಜಾಗದ ಪಕ್ಕದಲ್ಲೇ ಕಚ್ಚಿಸಬೇಕು, ಇಲ್ಲದಿದ್ದರೆ ಕರೆಂಟ್ ಪಿನ್, ಬುಷ್ (ಪಿನ್ ತೂತಿನೊಳಗಿನ ಲೋಹದ ಬಳೆ), ಸಿಲಿಂಡರ್ ಮೂಲಕ ಹರಿದು ಅವನ್ನು ಸುಡುತ್ತದೆ. ಬ್ಯಾಟರಿ ಬಿಚ್ಚಿ, ಎಲೆಕ್ಟ್ರಾನಿಕ್ ಕಂಟ್ರೋಲರ್ ಇದ್ದರೆ ಅದರ ಕನೆಕ್ಟರ್ ಕೂಡ. ಯಂತ್ರ ಇನ್ನೂ ವಾರಂಟಿಯಲ್ಲಿದ್ದರೆ ವೆಲ್ಡ್ ಮಾಡಿಸುವ ಮೊದಲು ಡೀಲರ್ ಹತ್ತಿರ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ಸವೆತದ ವಿಷಯ ಹೇಳುವುದಾದರೆ, ಮೊದಲು ಹೋಗುವುದು ಪಿನ್ ಮತ್ತು ತೂತು. ಗ್ರೀಸ್ ಬಿಟ್ಟರೆ ದುಂಡಗಿನ ತೂತು ಮೊಟ್ಟೆಯಾಕಾರಕ್ಕೆ ಬರುತ್ತದೆ, ಆಮೇಲೆ ಥಂಬ್ ಅತ್ತಿತ್ತ ಆಡುತ್ತದೆ. ಬದಲಾಯಿಸಬಹುದಾದ ಬುಷ್ ಇರುವ ಥಂಬನ್ನೇ ನೋಡಿ ಕೊಳ್ಳಿ. ದಿನಾ ಗ್ರೀಸ್ ಹೊಡೆಯಿರಿ. ಎರಡನೆಯದು, ಥಂಬ್ ಮತ್ತು ಆರ್ಮ್ ನಡುವೆ ಜೇಡಿಮಣ್ಣು ಮೆತ್ತಿ ಒಣಗಿ ಗಟ್ಟಿಯಾಗುವುದು. ಆಗ ಥಂಬ್ ಪೂರ್ತಿ ಮಡಚುವುದಿಲ್ಲ. ಸಂಜೆ ಕೆರೆದು ತೆಗೆಯದಿದ್ದರೆ ಬೆಳಿಗ್ಗೆ ಸಬ್ಬಲ್ ಬೇಕಾಗುತ್ತದೆ. ಹೋಸ್‌ಗಳನ್ನು ಆರ್ಮಿನ ಮೇಲ್ಮುಖದಲ್ಲಿ ಅಥವಾ ಪಕ್ಕದಲ್ಲಿ ಕವಚ ಹಾಕಿ ಒಯ್ಯಿರಿ, ಕಲ್ಲು ತಾಗುವ ಕಡೆ ಬೇಡ. ಸೋರಿಕೆ ಹುಡುಕಲು ಕೈ ಸವರಬೇಡಿ, ಆ ಒತ್ತಡದ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ.

ಅಗೆಯುವ ಕೆಲಸಕ್ಕೆ ಥಂಬ್ ಅಡ್ಡಿಯಾಗುತ್ತದಾ? ಸ್ವಲ್ಪ ಆಗುತ್ತದೆ. ಇಕ್ಕಟ್ಟಾದ ಆಳದ ಗುಂಡಿಯಲ್ಲಿ ಮಡಚಿಟ್ಟ ಥಂಬ್ ಅಂಚಿಗೆ ಉಜ್ಜುತ್ತದೆ. ಆಪರೇಟರ್ ಕಡೆಗೇ ಇರುವುದರಿಂದ ಹಲ್ಲಿನ ತುದಿ ಮರೆಯಾಗುತ್ತದೆ. ಇದು ಅಭ್ಯಾಸವಾಗುತ್ತದೆ. ಹಿಡಿದ ಕಲ್ಲನ್ನು ಪಕ್ಕಕ್ಕೆ ಬಡಿದು ಇನ್ನೊಂದನ್ನು ತಳ್ಳುವ ಅಭ್ಯಾಸ ಮಾತ್ರ ಬೇಡ. ಆ ಪೆಟ್ಟು ಥಂಬನ್ನು ತಿರುಚುತ್ತದೆ, ಜೊತೆಗೆ ಆರ್ಮನ್ನೂ.

ಜನ ಸುರಕ್ಷತೆಯ ಮಾತು ಬಂದರೆ ಮುಖ ತಿರುಗಿಸುತ್ತಾರೆ, ಆದರೂ ಹೇಳುತ್ತೇನೆ. ಒದ್ದೆ ಗುಂಡುಕಲ್ಲು ಯಾವ ಥಂಬಿನಿಂದಲೂ ಜಾರಬಹುದು. "ಅಣ್ಣಾ, ಸ್ವಲ್ಪ ಹಿಡಿದಿರು, ಕೆಳಗೆ ಒಂದು ಚಿಪ್ಪು ಕೊಡ್ತೀನಿ" ಅಂತ ಹೆಲ್ಪರ್ ಕಲ್ಲಿನ ಕೆಳಗೆ ಕೈ ಹಾಕಲು ಬರುತ್ತಾನೆ. ಬಿಡಬೇಡಿ. ಮೊದಲು ಕಲ್ಲು ನೆಲಕ್ಕೆ, ಆಮೇಲೆ ಕೈ. ಗುಂಡಿಯೊಳಗೆ ಜನ ಇರುವಾಗ ಪೈಪನ್ನು ಥಂಬಿನಲ್ಲಿ ಕಚ್ಚಿ ಅವರ ತಲೆಯ ಮೇಲೆ ಇಳಿಸಬಾರದು. ಅದಕ್ಕೆ ಬೆಲ್ಟ್ ಮತ್ತು ಎತ್ತುವ ಕೊಂಡಿ ಇವೆ, ಜನ ದೂರ ಸರಿದ ಮೇಲೆ ಇಳಿಸಬೇಕು.

ಬಜೆಟ್ ಬಿಗಿ ಇದ್ದರೆ ಮೆಕ್ಯಾನಿಕಲ್‌ನಿಂದಲೇ ಶುರು ಮಾಡಿ. ಸಿಲಿಂಡರ್ ಕೂರಿಸಲು ಕಿವಿ ಇರುವ ಮಾದರಿ ಸಿಕ್ಕರೆ ಇನ್ನೂ ಒಳ್ಳೆಯದು, ಮುಂದೆ ಅದನ್ನೇ ಹೈಡ್ರಾಲಿಕ್ ಮಾಡಿಕೊಳ್ಳಬಹುದು. ಯಂತ್ರದ ಮುಂಭಾಗದ ಲೋಡರ್‌ಗೆ ಬಾಯಿ ತೆರೆಯುವ ಬಕೆಟ್ ಈಗಾಗಲೇ ಇದ್ದು, ನಿಮ್ಮ ಕೆಲಸ ಬರೀ ಪೊದೆ ಮತ್ತು ದಿಮ್ಮಿ ಸಾಗಿಸುವುದಾದರೆ ಥಂಬ್ ಇಲ್ಲದೆಯೂ ನಡೆಯುತ್ತದೆ. ಹಳೆಯ ಥಂಬ್ ಕೊಳ್ಳುವವರು ಪಿನ್ ತೆಗೆಸಿ ತೂತು ನೋಡಿ, ಹಿಂದಿನಿಂದ ನಿಂತು ಕೈ ನೇರ ಇದೆಯಾ ನೋಡಿ, ಬಣ್ಣದ ಕೆಳಗೆ ಹಳೆಯ ವೆಲ್ಡ್ ಕತ್ತರಿಸಿದ ಗುರುತು ಎಷ್ಟಿದೆ ನೋಡಿ. ನಿಮ್ಮ ಬಕೆಟ್ಟಿನ ಅಳತೆ ಬರೆದ ಚೀಟಿ ಮತ್ತು ಟೇಪ್ ಇಲ್ಲದೆ ನೋಡಲು ಹೋಗಬೇಡಿ.